ಮನೆಯ ತಾಬಾ ಮತ್ತು ಬಾಡಿಗೆದಾರನ ಹಕ್ಕು: ನಮ್ಮ ಐದು ತಾಲೂಕುಗಳಲ್ಲಿ ಕಾಯ್ದೆ ನಡೆದು ಬಂದ ದಾರಿ

ನಮ್ಮ ಭಾಗದ ಹಳೆಯ ಬಾಡಿಗೆ ಕರಾರುಪತ್ರಗಳನ್ನು ಓದಿದವರಿಗೆ ಕೆಲವು ಶಬ್ದಗಳು ಪರಿಚಿತವಾಗಿರುತ್ತವೆ. ಮನೆಯನ್ನು ವಶಕ್ಕೆ ಕೊಡುವುದಕ್ಕೆ ತಾಬಾ ಅಥವಾ ಕಬಜಾ, ಮುಂಗಡವಾಗಿ ಇಡುವ ಹಣಕ್ಕೆ ಅನಾಮತ್ತು, ಒಪ್ಪಿಗೆಯ ಪತ್ರಕ್ಕೆ ಕಬುಲಾಯತ, ಗುತ್ತಿಗೆಗೆ ಇಜಾರೆ. ಇವೆಲ್ಲ ಅರಬ್ಬಿ ಮೂಲದ ಶಬ್ದಗಳು. ಆದಿಲಶಾಹಿ ದಫ್ತರಗಳಿಂದ ಮರಾಠರ ದಫ್ತರಗಳಿಗೆ, ಅಲ್ಲಿಂದ ಇಂಗ್ಲೀಷರ ಕಚೇರಿಗಳಿಗೆ ಸಾಗಿ ಬಂದು, ಇಂದು ಚಿಕ್ಕೋಡಿಯ ರೈತನೂ ಅಥಣಿಯ ವ್ಯಾಪಾರಿಯೂ ತಮ್ಮವೇ ಎಂಬಂತೆ ಬಳಸುವ ಮಾತುಗಳಾಗಿವೆ. ಇವುಗಳಲ್ಲಿ ತಾಬಾ ಎಂಬ ಒಂದು ಶಬ್ದದ ಬೆನ್ನು ಹತ್ತಿ ಹೋದರೆ ಬಾಡಿಗೆದಾರನ ಹಕ್ಕಿನ ಇತಿಹಾಸವೇ ತೆರೆದುಕೊಳ್ಳುತ್ತದೆ.

ಪ್ರಶ್ನೆ ಸರಳವಾದದ್ದು. ಕರಾರು ಆಗಿದೆ, ಅನಾಮತ್ತು ಹಣ ಮಾಲಕನ ಕೈ ಸೇರಿದೆ. ಗೊತ್ತುಮಾಡಿದ ದಿನ ಸಾಮಾನು ಹೇರಿಕೊಂಡು ಹೋದರೆ ಮನೆ ಸಿಗುವುದಿಲ್ಲ. ಹಿಂದಿನ ಬಾಡಿಗೆದಾರ ಬಿಟ್ಟಿಲ್ಲ, ಅಥವಾ ಅಪಾರ್ಟಮೆಂಟಿನ ಕೆಲಸ ಮುಗಿದಿಲ್ಲ, ಅಥವಾ ಮಾಲಕ ಹೆಚ್ಚಿನ ಹಣಕ್ಕೆ ಬೇರೆಯವರಿಗೆ ಕೊಟ್ಟಿದ್ದಾನೆ. ಇಲ್ಲವೇ ಕೃಷ್ಣೆಯ ನೀರು ನುಗ್ಗಿ ಗೋಡೆಯೇ ಕುಸಿದಿದೆ. ಈ ನಷ್ಟ ಯಾರದು? ಬಾಡಿಗೆದಾರನದೋ, ಮಾಲಕನದೋ? ಕಾಯ್ದೆಯ ಉತ್ತರ ಬಹುಮಟ್ಟಿಗೆ ಒಂದೇ ಸಂಗತಿಯ ಮೇಲೆ ನಿಂತಿದೆ. ನಷ್ಟ ಸಂಭವಿಸುವ ಮೊದಲು ಬಾಡಿಗೆದಾರನಿಗೆ ತಾಬಾ ಸಿಕ್ಕಿತ್ತೇ, ಇಲ್ಲವೇ? ಸಿಗದಿದ್ದರೆ ಅವನ ಕೈ ಬಲವಾಗಿದೆ. ಸಿಕ್ಕಿದ್ದರೆ ಅವನು ತುಂಬ ಎಚ್ಚರದಿಂದ ಇರಬೇಕಾಗುತ್ತದೆ. ಇಷ್ಟು ತಿಳಿಯದ ಕಾರಣಕ್ಕೆ ಎಷ್ಟೋ ಕುಟುಂಬಗಳು ಅನಾಮತ್ತು ಹಣವನ್ನು ಕೈಬಿಟ್ಟು ಸುಮ್ಮನಾಗುತ್ತವೆ.

ಹಳೆಯ ನ್ಯಾಯಶಾಸ್ತ್ರಗಳು ಈ ಪ್ರಶ್ನೆಯನ್ನು ಹೇಗೆ ಬಿಡಿಸಿದವು ಎಂಬುದನ್ನು ಮೊದಲು ನೋಡೋಣ. ಮಧ್ಯ ಏಷ್ಯಾದ ಫರ್ಗಾನಾ ಪ್ರದೇಶದ ವಿದ್ವಾಂಸ ಬುರ್ಹಾನುದ್ದೀನ್ ಮರ್ಗೀನಾನಿ (ನಿಧನ 1197) ಬರೆದ ‘ಹಿದಾಯಾ’ ಹನಫಿ ನ್ಯಾಯಶಾಸ್ತ್ರದ ಪ್ರಮುಖ ಗ್ರಂಥ. ಇಜಾರೆ ಎಂದರೆ ವಸ್ತುವಿನ ಮಾರಾಟವಲ್ಲ, ಅದರ ಉಪಯೋಗದ ಮಾರಾಟ ಎಂಬುದು ಅಲ್ಲಿಯ ತಳಹದಿ. ಮನೆಯ ಉಪಯೋಗ ಒಂದೇ ಸಲಕ್ಕೆ ಕೈಗೆ ಬರುವಂಥದ್ದಲ್ಲ, ದಿನದಿನವೂ ಒದಗುವಂಥದ್ದು. ಹಾಗಾಗಿ ಬಾಡಿಗೆಗೆ ಪಡೆದ ಮನೆಯನ್ನು ಯಾರಾದರೂ ಬಲಾತ್ಕಾರದಿಂದ ಕಸಿದುಕೊಂಡರೆ ಬಾಡಿಗೆ ಕೊಡಬೇಕಾಗಿಲ್ಲ. ಮನೆ ಬಿದ್ದುಹೋದರೆ, ಹೊಲಕ್ಕೆ ಹರಿಯುವ ನೀರು ನಿಂತರೆ, ನೀರಿನಿಂದ ತಿರುಗುವ ಬೀಸುಗಲ್ಲಿಗೆ ನೀರೇ ಇಲ್ಲವಾದರೆ ಇಜಾರೆ ಮುರಿಯುತ್ತದೆ. 1869ರಿಂದ 1876ರ ವರೆಗೆ ತುರ್ಕಿಯ ಉಸ್ಮಾನಿ ಸರಕಾರ ಸಿದ್ಧಪಡಿಸಿದ ‘ಮಜಲ್ಲಾ’ ಎಂಬ ಸಿವಿಲ್ ಸಂಹಿತೆಯಲ್ಲಿಯೂ ಇದೇ ಸೂತ್ರ ಇದೆ. ದುರಸ್ತಿಗಾಗಿ ಮುಚ್ಚಿದ ಹಮಾಮಿಗೆ ಮುಚ್ಚಿದಷ್ಟು ದಿನದ ಬಾಡಿಗೆ ಇಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆ ತೀರ ಉಲ್ಟಾ ನಡೆಯಿತು. ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ ರಾಜಕುಮಾರ ರೂಪರ್ಟನ ಸೈನ್ಯ ಜೇನ್ ಎಂಬ ಬಾಡಿಗೆದಾರನನ್ನು ಅವನ ಜಮೀನಿನಿಂದ ಹೊರಗೆ ಹಾಕಿತು. ಸುಮಾರು ಮೂರು ವರ್ಷ ಅವನಿಗೆ ಒಂದು ಕಾಳೂ ದಕ್ಕಲಿಲ್ಲ. ಭೂಮಾಲಕ ಪ್ಯಾರಡೈನ್ ಬಾಡಿಗೆಗಾಗಿ ದಾವೆ ಹಾಕಿದ. 1647ರಲ್ಲಿ ನ್ಯಾಯಾಲಯ ಮಾಲಕನ ಪರವಾಗಿ ತೀರ್ಪು ಕೊಟ್ಟಿತು: ಬಾಡಿಗೆ ಕೊಡುತ್ತೇನೆಂದು ಒಪ್ಪಿದ್ದೀ, ಕೊಡು, ಸೈನ್ಯ ಬಂದದ್ದು ನಿನ್ನ ದುರದೈವ. ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಈಗಲೂ ಓದುವ ಮೊಕದ್ದಮೆ ಇದು.

ಈ ಎರಡು ವಿಚಾರಗಳೂ ಮುಂದೆ ನಮ್ಮ ತಾಲೂಕುಗಳ ಕಚೇರಿಗಳನ್ನು ತಲುಪಿದವು. ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ ಆರಂಭವಾದ ಕೆಲಸದ ಫಲವಾಗಿ ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ‘ಹಿದಾಯಾ’ದ ಇಂಗ್ಲೀಷ್ ಅನುವಾದ ಪ್ರಕಟಿಸಿದ. ಕಂಪನಿಯ ನ್ಯಾಯಾಧೀಶರು ಅದನ್ನೇ ಮುಂದಿಟ್ಟುಕೊಂಡು ಕೂರುತ್ತಿದ್ದರು. ಮುಂಬಯಿ ಪ್ರಾಂತದಲ್ಲಿ ಗವರ್ನರ್ ಎಲ್ಫಿನ್‌ಸ್ಟನ್ 1827ರಲ್ಲಿ ತಂದ ರೆಗ್ಯುಲೇಶನ್‌ಗಳು ನಂತರದ ವರ್ಷಗಳಲ್ಲಿ ದಕ್ಷಿಣ ಮರಾಠಾ ಪ್ರದೇಶಕ್ಕೂ ವಿಸ್ತರಿಸಿದವು. ಅವುಗಳಲ್ಲಿ ನಾಲ್ಕನೆಯ ರೆಗ್ಯುಲೇಶನ್ನಿನ 26ನೇ ಕಲಂ ನಮಗೆ ಮುಖ್ಯ. ಸರಕಾರದ ಲಿಖಿತ ಕಾಯ್ದೆ ಇಲ್ಲದ ಕಡೆ ದೇಶದ ರೂಢಿ, ರೂಢಿ ಇಲ್ಲದಿದ್ದರೆ ಪ್ರತಿವಾದಿಯ ಧರ್ಮದ ಕಾಯ್ದೆ, ಅದೂ ಇಲ್ಲದಿದ್ದರೆ ನ್ಯಾಯ, ಸಮತೆ ಮತ್ತು ಸದ್ವಿವೇಕ. ಮೊದಲ ಸ್ಥಾನ ರೂಢಿಗೆ ಇತ್ತು ಎಂಬುದನ್ನು ಗಮನಿಸಬೇಕು. ಊರಿನ ನಾಲ್ಕು ಹಿರಿಯರು ‘ನಮ್ಮಲ್ಲಿ ಹೀಗೆ ನಡೆದು ಬಂದಿದೆ’ ಎಂದು ಸಾಕ್ಷಿ ಹೇಳಿದರೆ ಅದಕ್ಕೆ ಬೆಲೆ ಇತ್ತು. 1864ರಲ್ಲಿ ನ್ಯಾಯಾಲಯಗಳಿಗೆ ಸಲಹೆ ಕೊಡುತ್ತಿದ್ದ ಮೌಲವಿಗಳ ಮತ್ತು ಪಂಡಿತರ ಹುದ್ದೆಗಳು ರದ್ದಾದವು. 1872ರ ಸೆಪ್ಟೆಂಬರ್ 1ರಿಂದ ಭಾರತೀಯ ಕರಾರು ಕಾಯ್ದೆ ಜಾರಿಗೆ ಬಂತು. ಹಣಕಾಸಿನ ಒಪ್ಪಂದಗಳಲ್ಲಿ ಪ್ರತಿವಾದಿ ಯಾವ ಧರ್ಮದವನು ಎಂದು ಕೇಳುವ ಅಗತ್ಯ ಅಲ್ಲಿಂದ ಮುಂದೆ ಉಳಿಯಲಿಲ್ಲ.

ಆಗಿನ ನಕಾಶೆಯೂ ಈಗಿನಂತೆ ಇರಲಿಲ್ಲ. ನಿಪ್ಪಾಣಿಯ ಜಹಗೀರು 1839ರಲ್ಲಿ ಕಂಪನಿಯ ವಶವಾಗಿತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನದ ಭಾಗ. ಕಾಗವಾಡದ ಸುತ್ತಮುತ್ತ ಪಟವರ್ಧನ ಮನೆತನಗಳ ಸಂಸ್ಥಾನದ ಹಳ್ಳಿಗಳು ಬ್ರಿಟಿಷ್ ಹಳ್ಳಿಗಳ ನಡುವೆ ಹೆಣೆದುಕೊಂಡಿದ್ದವು. ಒಂದು ಹಳ್ಳಿಯ ಬಾಡಿಗೆ ತಂಟೆ ಬ್ರಿಟಿಷ್ ಮುನಸೀಫನ ಮುಂದೆ, ಹೊಳೆಯ ಆಚೆಯ ಹಳ್ಳಿಯದು ಸಂಸ್ಥಾನದ ನ್ಯಾಯಾಧೀಶನ ಮುಂದೆ. ಕೊಲ್ಹಾಪುರ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆಯೇ ರಾಯಬಾಗ ಮತ್ತು ಚಿಕ್ಕೋಡಿಗಳು ಒಂದೇ ಆಡಳಿತದ ಕೆಳಗೆ ಬಂದವು.

ಬಾಡಿಗೆಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ 1882ರ ಸ್ವತ್ತು ಹಸ್ತಾಂತರ ಕಾಯ್ದೆ. ಇದು 1882ರಲ್ಲಿ ಜಾರಿಗೆ ಬಂದರೂ ಮುಂಬಯಿ ಪ್ರಾಂತಕ್ಕೆ ತಕ್ಷಣ ಅನ್ವಯವಾಗಲಿಲ್ಲ. ಇಲ್ಲಿಗೆ ಬಂದದ್ದು 1893ರ ಜನವರಿ 1ರಂದು. ಇದರ 108ನೇ ಕಲಂ ಮಾಲಕ ಮತ್ತು ಬಾಡಿಗೆದಾರ ಇಬ್ಬರ ಹಕ್ಕು-ಬಾಧ್ಯತೆಗಳನ್ನು ಹೇಳುತ್ತದೆ. ಅದರ (ಬಿ) ಉಪಕಲಂ ಒಂದೇ ವಾಕ್ಯ: ಬಾಡಿಗೆದಾರ ಕೇಳಿದಾಗ ಅವನಿಗೆ ಸ್ವತ್ತಿನ ತಾಬಾ ಕೊಡಲು ಮಾಲಕ ಬದ್ಧನಾಗಿದ್ದಾನೆ. ನಿಜವಾದ ತಾಬಾ, ಕಾಗದದ ಮೇಲಿನದಲ್ಲ. ಇಂಗ್ಲೆಂಡಿನಲ್ಲಿಯೂ 1829ರ ಕೋ ವಿರುದ್ಧ ಕ್ಲೇ ಮೊಕದ್ದಮೆಯಲ್ಲಿ ಇದೇ ತತ್ವವನ್ನು ಎತ್ತಿ ಹಿಡಿಯಲಾಗಿತ್ತು. ಮನೆ ಕೊಡುತ್ತೇನೆಂದು ಒಪ್ಪಿದವನು ಮನೆಯನ್ನೇ ಕೊಡಬೇಕು, ಒಳಗಿರುವವನ ಮೇಲೆ ದಾವೆ ಹೂಡುವ ಅವಕಾಶವನ್ನಲ್ಲ. ‘ಹಿಂದಿನವನು ಬಿಡವಲ್ಲ, ನೀವೇ ಏನಾದರೂ ಮಾಡಿಕೊಳ್ಳಿರಿ’ ಎಂದು ಮಾಲಕ ಕೈತೊಳೆದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಕಾಯ್ದೆ ಅದನ್ನು ಒಪ್ಪುವುದಿಲ್ಲ. ಹಿಂದಿನವನನ್ನು ಬಿಡಿಸುವುದು ಮಾಲಕನ ಹೊಣೆ.

ಹೀಗೆ ತಾಬಾ ಕೊಡಲಾಗದ ಮಾಲಕನ ವಿರುದ್ಧ ಕರಾರು ಕಾಯ್ದೆ ಎರಡು ದಾರಿ ತೆರೆಯುತ್ತದೆ. ತಪ್ಪು ಮಾಲಕನದಾದರೆ 73ನೇ ಕಲಂ ಪ್ರಕಾರ ನಷ್ಟ ಪರಿಹಾರ ಕೇಳಬಹುದು. ಅನಾಮತ್ತು ಹಣವಲ್ಲದೆ, ಅದೇ ತರಹದ ಬೇರೆ ಮನೆಗೆ ಹೆಚ್ಚು ಬಾಡಿಗೆ ಕೊಡಬೇಕಾಗಿ ಬಂದರೆ ಆ ವ್ಯತ್ಯಾಸ, ಸಾಮಾನು ಸಾಗಿಸಿದ ಖರ್ಚು ಇತ್ಯಾದಿ. ಆದರೆ ನಷ್ಟವನ್ನು ತಗ್ಗಿಸಲು ಬಾಡಿಗೆದಾರನೂ ಪ್ರಯತ್ನಿಸಿರಬೇಕು. ದುಬಾರಿ ಲಾಜಿನಲ್ಲಿ ಆರು ತಿಂಗಳು ಇದ್ದು ಬಿಲ್ಲು ಮಾಲಕನಿಗೆ ಕಳಿಸಿದರೆ ಯಾವ ನ್ಯಾಯಾಲಯವೂ ಮನ್ನಿಸಲಾರದು. ಯಾರ ತಪ್ಪೂ ಇಲ್ಲದೆ, ಕರಾರಿನ ನಂತರ ಮತ್ತು ತಾಬಾ ಕೊಡುವ ಮೊದಲು ಮನೆ ಬಿದ್ದುಹೋದರೆ 56ನೇ ಕಲಂ ಪ್ರಕಾರ ಕರಾರು ಅಸಾಧ್ಯವಾಗಿ ರದ್ದಾಗುತ್ತದೆ. ಆಗ ನಷ್ಟ ಪರಿಹಾರ ಸಿಗುವುದಿಲ್ಲ, ಆದರೆ 65ನೇ ಕಲಂ ಪ್ರಕಾರ ಪಡೆದ ಹಣವನ್ನು ಮಾಲಕ ಹಿಂದಿರುಗಿಸಲೇಬೇಕು. ಮನೆ ನೀರಿಗೆ ಹೋದರೂ ಅನಾಮತ್ತು ನೀರಿಗೆ ಹೋಗುವುದಿಲ್ಲ.

ತಾಬಾ ಸಿಕ್ಕ ಮೇಲಿನ ಕಥೆ ಬೇರೆ. ದೇಶವಿಭಜನೆಯ ಕಾಲದ ಒಂದು ಮೊಕದ್ದಮೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಲಾಹೋರ ಜಿಲ್ಲೆಯ ಚುನಿಯಾನ ತಹಸೀಲಿನ ಜಮೀನನ್ನು ಒಬ್ಬರು 1947-48ನೇ ಸಾಲಿಗೆ ಗುತ್ತಿಗೆಗೆ ಪಡೆದಿದ್ದರು, ಹಣವನ್ನೂ ತುಂಬಿದ್ದರು. ಆಗಸ್ಟ್ ತಿಂಗಳಲ್ಲಿ ದೇಶ ಒಡೆಯಿತು, ಜಮೀನು ಪಾಕಿಸ್ತಾನದ ಪಾಲಾಯಿತು, ಗುತ್ತಿಗೆದಾರ ಎಲ್ಲ ಬಿಟ್ಟು ಈಚೆ ಬರಬೇಕಾಯಿತು. ಕೊಟ್ಟ ಹಣ ಮರಳಿ ಕೊಡಿರಿ ಎಂದು ದಾವೆ ಹೂಡಿದರು. ರಾಜಾ ಧ್ರುವ ದೇವ ಚಂದ ವಿರುದ್ಧ ರಾಜಾ ಹರಮೊಹಿಂದರ್ ಸಿಂಗ್ ಎಂದು 1968ರ ಕಾನೂನು ವರದಿಗಳಲ್ಲಿ ಅಚ್ಚಾದ ಈ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ಅವರ ಬೇಡಿಕೆಯನ್ನು ತಳ್ಳಿಹಾಕಿತು. ಗುತ್ತಿಗೆ ಪೂರ್ಣಗೊಂಡು ತಾಬಾ ಸಿಕ್ಕಿತ್ತು; ಪೂರ್ಣಗೊಂಡ ಗುತ್ತಿಗೆಗೆ 56ನೇ ಕಲಂ ಅನ್ವಯಿಸುವುದಿಲ್ಲ. 1647ರ ಪ್ಯಾರಡೈನನ ನೆರಳು ಮುನ್ನೂರು ವರ್ಷದ ನಂತರವೂ ಇಲ್ಲಿ ಕಾಣುತ್ತದೆ ಎಂದು ನನಗೆ ಅನಿಸುತ್ತದೆ. ಕಾನೂನಿನ ತರ್ಕ ಸರಿ ಇರಬಹುದು, ಆದರೆ ಉಪಯೋಗವೇ ಸಿಗದವನಿಗೆ ಬಾಡಿಗೆ ಇಲ್ಲ ಎಂಬ ‘ಹಿದಾಯಾ’ದ ಮಾತು ಮನಸ್ಸಿಗೆ ಹೆಚ್ಚು ಹತ್ತಿರವಾಗುತ್ತದೆ.

ಇಷ್ಟಾದರೂ 1882ರ ಕಾಯ್ದೆ ಬಾಡಿಗೆದಾರನನ್ನು ಪೂರ್ತಿ ಕೈಬಿಟ್ಟಿಲ್ಲ. 108ನೇ ಕಲಮಿನ (ಇ) ಉಪಕಲಂ ಬೆಂಕಿ, ಬಿರುಗಾಳಿ, ನೆರೆ, ಸೈನ್ಯ ಅಥವಾ ದೊಂಬಿಯ ಹಾವಳಿ ಇಂಥ ತಡೆಯಲಾಗದ ಶಕ್ತಿಯ ಮಾತನ್ನು ಆಡುತ್ತದೆ. ಇವುಗಳಿಂದ ಸ್ವತ್ತಿನ ಮುಖ್ಯ ಭಾಗ ಪೂರ್ತಿ ನಾಶವಾದರೆ, ಅಥವಾ ಬಾಡಿಗೆಗೆ ಪಡೆದ ಉದ್ದೇಶಕ್ಕೆ ಬಹುಮಟ್ಟಿಗೆ ಮತ್ತು ಶಾಶ್ವತವಾಗಿ ನಿರುಪಯೋಗಿಯಾದರೆ, ಬಾಡಿಗೆದಾರನ ಇಚ್ಛೆಯಂತೆ ಗುತ್ತಿಗೆ ರದ್ದಾಗುತ್ತದೆ. ನಾಶಕ್ಕೆ ಅವನ ತಪ್ಪೇ ಕಾರಣವಾಗಿರಬಾರದು. ಇಲ್ಲಿ ಎರಡು ಶಬ್ದಗಳಿಗೆ ಅಡಿಗೆರೆ ಹಾಕಿಕೊಳ್ಳಬೇಕು. ಒಂದು ‘ಶಾಶ್ವತವಾಗಿ’. ಪ್ಲೇಗಿನ ವರ್ಷಗಳಲ್ಲಿ ಜನ ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲಲ್ಲಿ ಇರುತ್ತಿದ್ದರು. ಮನೆ ಗಟ್ಟಿಯಾಗಿ ನಿಂತಿತ್ತಾದ್ದರಿಂದ ಈ ಉಪಕಲಮಿನ ಲಾಭ ಅವರಿಗೆ ಸಿಗುವಂತಿರಲಿಲ್ಲ. ಇನ್ನೊಂದು ‘ಬಾಡಿಗೆದಾರನ ಇಚ್ಛೆಯಂತೆ’. ಗುತ್ತಿಗೆ ತಾನಾಗಿಯೇ ಸಾಯುವುದಿಲ್ಲ. ಬಾಡಿಗೆದಾರ ತನ್ನ ಇಚ್ಛೆಯನ್ನು ತಿಳಿಸಬೇಕು, ಬರವಣಿಗೆಯಲ್ಲಿ ತಿಳಿಸುವುದೇ ಲೇಸು.

ಈ ಮಾತು ನಮ್ಮ ಭಾಗಕ್ಕೆ ಎಷ್ಟು ಹತ್ತಿರದ್ದು ಎಂಬುದನ್ನು 2005, 2019 ಮತ್ತು 2021ರ ನೆರೆಗಳು ತೋರಿಸಿದವು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಮ್ಮೆಲೇ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕುಗಳ ನದಿತೀರದ ಹಳ್ಳಿಗಳನ್ನು ಮುಳುಗಿಸಿದವು. ಆಗ ರಾಜ್ಯ ಸರಕಾರ ತುರ್ತು ನೆರವೆಂದು ಕುಟುಂಬಕ್ಕೆ 10,000 ರೂಪಾಯಿ ಕೊಟ್ಟಿತು, ಪೂರ್ತಿ ಬಿದ್ದ ಮನೆ ಕಟ್ಟಿಕೊಳ್ಳಲು 5 ಲಕ್ಷ ರೂಪಾಯಿ ಘೋಷಿಸಿತು. ಮನೆ ಕಟ್ಟುವ ಹಣ ಸಹಜವಾಗಿಯೇ ಮನೆಯ ಮಾಲಕರಿಗಾಗಿ ಇದ್ದದ್ದು. ಅದೇ ಮನೆಯಲ್ಲಿ ಅನಾಮತ್ತು ಕೊಟ್ಟು ಇದ್ದ ಬಾಡಿಗೆ ಕುಟುಂಬದ ಹೆಸರು ಆ ಲೆಕ್ಕದಲ್ಲಿ ಬರುವುದಿಲ್ಲ. ಅವರಿಗೆ ಉಳಿಯುವುದು ಮಾಲಕನ ಮೇಲಿನ ಹಕ್ಕು ಮಾತ್ರ. ಮಣ್ಣಿನ ಗೋಡೆಯ ಮನೆ ಕುಸಿದಿದ್ದರೆ (ಇ) ಉಪಕಲಂ ಪ್ರಕಾರ ಗುತ್ತಿಗೆ ಬಿಟ್ಟು ಅನಾಮತ್ತು ಕೇಳಬಹುದು. ಸಿಮೆಂಟಿನ ಮನೆ ಹದಿನೈದು ದಿನ ನೀರಲ್ಲಿ ನಿಂತು ಮತ್ತೆ ಒಣಗಿದ್ದರೆ, ಕಾಯ್ದೆಯ ಅಕ್ಷರದ ಪ್ರಕಾರ ಆ ಹದಿನೈದು ದಿನದ ಬಾಡಿಗೆಯೂ ಬಾಕಿಯೇ. ದುರಸ್ತಿ ಮಾಡಲು ಮಾಲಕ ಬದ್ಧನಾಗಿದ್ದೂ, ನೋಟೀಸು ಕೊಟ್ಟ ಮೇಲೂ ಮಾಡದಿದ್ದರೆ, ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವ ಅವಕಾಶ (ಎಫ್) ಉಪಕಲಮಿನಲ್ಲಿದೆ. 108ನೇ ಕಲಮಿನ ಈ ನಿಯಮಗಳೆಲ್ಲ ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಾಗ ಮಾತ್ರ ಅನ್ವಯ. ಆದ್ದರಿಂದ ಕರಾರುಪತ್ರವನ್ನು ಸಹಿ ಮಾಡುವ ಮೊದಲು ಓದುವುದು ಅವಶ್ಯ.

ಮನೆ ಬಿದ್ದರೂ ಬಾಡಿಗೆದಾರ ಗುತ್ತಿಗೆ ಬಿಡಲು ಒಪ್ಪದಿದ್ದರೆ? ವ್ಯಾಪಾರಿಗಳಿಗೆ ಇದು ಜೀವನದ ಪ್ರಶ್ನೆ, ಏಕೆಂದರೆ ಅಂಗಡಿಯ ಜಾಗವೇ ಅವರ ಬಂಡವಾಳ. ಬೆಂಕಿಗೆ ಸುಟ್ಟ ಕೇರಳದ ಒಂದು ಅಂಗಡಿಯ ಬಗ್ಗೆ ಸುಪ್ರೀಮ್ ಕೋರ್ಟು, ಕಟ್ಟಡ ಹೋದರೆ ಬಾಡಿಗೆದಾರಿಕೆಯೂ ಹೋಯಿತು ಎಂದು ಹೇಳಿತ್ತು. ವನ್ನತ್ತಂಕಂಡಿ ಇಬ್ರಾಯಿ ವಿರುದ್ಧ ಕುಂಞಬ್ದುಲ್ಲಾ ಹಾಜಿ ಎಂಬ ಹೆಸರಿನ ಆ ತೀರ್ಪು 2001ರ ಕಾನೂನು ವರದಿಗಳಲ್ಲಿದೆ. 2014ರಲ್ಲಿ ಶಾಹ ರತನ್ಸಿ ಖೀಮಜಿ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಿಗೊತ್ತಿತು. ಗುತ್ತಿಗೆಯಲ್ಲಿ ಕಟ್ಟಡದ ಜೊತೆ ನೆಲವೂ ಸೇರಿರುತ್ತದೆ, ನಗರಸಭೆ ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆದಾರಿಕೆ ಮುಗಿಯುವುದಿಲ್ಲ. ರದ್ದು ಮಾಡುವ ಆಯ್ಕೆ ಬಾಡಿಗೆದಾರನದು, ಮಾಲಕನದಲ್ಲ.

ಇನ್ನು ಬಾಡಿಗೆ ನಿಯಂತ್ರಣದ ಕಾಯ್ದೆಗಳ ಬಗ್ಗೆ ಎರಡು ಮಾತು. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಮುಂಬಯಿಯಲ್ಲಿ ಇವು ಹುಟ್ಟಿದವು. 1947ರ ಮುಂಬಯಿ ಬಾಡಿಗೆ ಕಾಯ್ದೆ ಪಗಡಿ ವಸೂಲಿಯನ್ನು ಅಪರಾಧವೆಂದು ಸಾರಿತು. ದುರಸ್ತಿಗೆಂದು ಮನೆ ಬಿಡಿಸಿಕೊಂಡ ಮಾಲಕ ಮತ್ತೆ ಅದೇ ಬಾಡಿಗೆದಾರನಿಗೆ ಒಳಗೆ ಬಿಡಬೇಕೆಂಬ ನಿಯಮವನ್ನೂ ತಂದಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಕೆಲವು ವರ್ಷ ಮುಂಬಯಿ ಕಾಯ್ದೆಯೇ ನಡೆಯಿತು. ಅದರ ಜಾಗಕ್ಕೆ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಹೀಗೆ ಮಿರಜದ ಬಾಡಿಗೆದಾರ ಮತ್ತು ಕಾಗವಾಡದ ಬಾಡಿಗೆದಾರ ಬೇರೆ ಬೇರೆ ಕಾಯ್ದೆಗಳ ಮಕ್ಕಳಾದರು. 2001ರ ಕೊನೆಯ ದಿನ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ 1999, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮತ್ತು ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ನಿಪ್ಪಾಣಿಯಂಥ ಊರಿನ ಅಪಾರ್ಟಮೆಂಟು ಈ ಮಿತಿಯೊಳಗೆ ಸಿಗುವುದು ಕಷ್ಟ. ಅರ್ಥವೇನೆಂದರೆ ಇಂದಿನ ಹೆಚ್ಚಿನ ಬಾಡಿಗೆದಾರರು ಮತ್ತೆ 1872 ಮತ್ತು 1882ರ ಹಳೆಯ ಕಾಯ್ದೆಗಳ ಆಶ್ರಯಕ್ಕೇ ಬಂದು ನಿಂತಿದ್ದಾರೆ.

ಕೇಂದ್ರ ಸಚಿವ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಗಮನಾರ್ಹವಾದ ಒಂದು ನಿಯಮವಿದೆ. ನೆರೆಯಂಥ ವಿಪತ್ತಿನಿಂದ ಮನೆ ವಾಸಕ್ಕೆ ಬಾರದಂತಾದರೆ, ಅದನ್ನು ಮಾಲಕ ಸರಿಪಡಿಸುವ ತನಕ ಬಾಡಿಗೆ ಕೇಳುವಂತಿಲ್ಲ. ಸರಿಪಡಿಸಲಾಗದಿದ್ದರೆ ನೋಟೀಸಿನ ಅವಧಿ ಮುಗಿದ ಹದಿನೈದು ದಿನಗಳಲ್ಲಿ ಅನಾಮತ್ತು ಮರಳಿಸಬೇಕು. ‘ಶಾಶ್ವತವಾಗಿ’ ಎಂಬ ಷರತ್ತು ಇಲ್ಲಿ ಇಲ್ಲ. ಮರ್ಗೀನಾನಿ ಎಂಟು ನೂರು ವರ್ಷಗಳ ಹಿಂದೆ ಹೇಳಿದ್ದಕ್ಕೆ ಇದು ಬಹಳ ಸಮೀಪ ಬರುತ್ತದೆ. ಆದರೆ ಇದು ಮಾದರಿ ಮಾತ್ರ. ರಾಜ್ಯದ ವಿಧಾನಮಂಡಲ ತನ್ನ ಕಾಯ್ದೆಯಾಗಿ ಅಂಗೀಕರಿಸದ ಹೊರತು ಚಿಕ್ಕೋಡಿಯ ನ್ಯಾಯಾಲಯದಲ್ಲಿ ಅದನ್ನು ಹಿಡಿದು ವಾದಿಸಲು ಬರುವುದಿಲ್ಲ.

ಕೊನೆಗೆ ವಿದ್ಯಾರ್ಥಿಗಳು ಮನೆಯಲ್ಲಿ ಹಿರಿಯರಿಗೆ ತಿಳಿಸಬಹುದಾದ ಕೆಲವು ಸಂಗತಿಗಳು. ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆ ಪತ್ರ ನೋಂದಣಿಯಾಗಬೇಕು. ಹನ್ನೊಂದು ತಿಂಗಳ ಕರಾರುಗಳು ರೂಢಿಗೆ ಬಂದದ್ದು ಇದನ್ನು ತಪ್ಪಿಸಲಿಕ್ಕಾಗಿಯೇ. ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರುವ ಭೋಗ್ಯದ ವ್ಯವಹಾರದಲ್ಲಂತೂ ನೋಂದಣಿ ಇಲ್ಲದ ಛಾಪಾ ಕಾಗದವನ್ನು ನಂಬಿ ಲಕ್ಷಗಟ್ಟಲೆ ಹಣ ಕೊಡುವುದು ಅಪಾಯ. ಅದೇ ಮನೆ ಬ್ಯಾಂಕಿಗೆ ಅಡವು ಬಿದ್ದಿದ್ದರೆ ಮಾಲಕನ ಸಾಲಕ್ಕೆ ಇವರು ಬೀದಿಗೆ ಬರಬೇಕಾದೀತು. ಹಣವನ್ನು ಚೆಕ್ಕಿನ ಮೂಲಕ ಕೊಟ್ಟರೆ ಸಾಕ್ಷಿ ಉಳಿಯುತ್ತದೆ. ತಾಬಾ ಪಡೆದ ದಿನಾಂಕವನ್ನು ಪತ್ರದಲ್ಲಿ ಬರೆಸಬೇಕು, ಸಿಗದಿದ್ದರೆ ಸಿಗಲಿಲ್ಲ ಎಂದು ಅಂಚೆಯ ಮೂಲಕ ಮಾಲಕನಿಗೆ ತಿಳಿಸಬೇಕು. ಅನಾಮತ್ತು ಹಣಕ್ಕಾಗಿ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಅವಧಿ ಇದೆ. ‘ನಾಳೆ ಕೊಡ್ತೀನಿ’ ಎಂಬ ಮಾತಿನಲ್ಲಿಯೇ ಈ ಮೂರು ವರ್ಷ ಕಳೆದುಹೋಗುತ್ತವೆ. ವಕೀಲರ ಫೀಸಿನ ಅಂಜಿಕೆ ಇದ್ದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ನೋಡಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಇರುವುದು ಹೆಚ್ಚಿನವರಿಗೆ ಗೊತ್ತು. ಅದೇ ಪಟ್ಟಿಯಲ್ಲಿ ನೆರೆಯ ಸಂತ್ರಸ್ತರ ಹೆಸರೂ ಇದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯ ಮೇಲೆ ಒಂದು ಅರ್ಜಿ ಬರೆದು ಕೊಟ್ಟರೂ ಸಾಕು.